ತೊಂಬೆಯಂಥ ಕಟ್ಟಡದ ಮುಂದೆ

ದಲಿತ ವಿಮರ್ಶೆ ಎಂದರೆ ಪುಸ್ತಕಗಳ ವಿಮರ್ಶೆ ಎಂದೇ ನಾವು ತಿಳಿದುಕೊಂಡು ಬಂದಿದ್ದೇವೆ. ಕತೆ, ಕವಿತೆ, ಕಾದಂಬರಿ, ಹೆಚ್ಚೆಂದರೆ ನಾಟಕ. ಕಟ್ಟಡಗಳನ್ನು ನಾವು ಓದಿದ್ದು ಕಡಿಮೆ. ದೇವಸ್ಥಾನದ ಬಾಗಿಲಿಗಾಗಿ ಜಗಳ ಮಾಡಿದ್ದೇವೆ. ಆದರೆ ಬಾಗಿಲಿಗೂ ಒಂದು ಸೌಂದರ್ಯಶಾಸ್ತ್ರ ಇರುತ್ತದೆ, ಅದು ಯಾರನ್ನು ಒಳಗೆ ಕರೆಯುತ್ತದೆ, ಯಾರನ್ನು ಸುಮ್ಮನೆ ಹೊರಗೇ ನಿಲ್ಲಿಸುತ್ತದೆ ಎಂದು ಕೇಳಿಕೊಂಡಿಲ್ಲ. ಈ ಮಾತು ನನಗೆ ಹೊಳೆದದ್ದು ಓದಿನಿಂದಲ್ಲ, ನಮ್ಮ ಭಾವನಿಂದ.

ಭಾವ ಇರುವುದು ಹೊಸಹಳ್ಳಿಯಲ್ಲಿ. ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ 22 ವರ್ಷದಿಂದ ತಗಡಿನ ಕೆಲಸ. 2023ರ ಫೆಬ್ರವರಿಯಲ್ಲಿ ಕಸ್ತೂರಬಾ ರಸ್ತೆಯಲ್ಲಿ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ತೆರೆಯಿತು. ಅದರ ಹೊಸತರಲ್ಲಿ ಒಂದು ರಜಾದಿನ ನಾನೇ ಒತ್ತಾಯ ಮಾಡಿ ಅವರನ್ನು ಕರೆದುಕೊಂಡು ಹೋದೆ. ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿದರೆ ಅರ್ಧ ಗಂಟೆಯೂ ಬೇಡ. ಮಾಗಡಿ ರಸ್ತೆ ದಾಟಿ ರೈಲು ನೆಲದೊಳಕ್ಕೆ ಇಳಿಯುತ್ತದೆ. ಮೆಜೆಸ್ಟಿಕ್ ಆದಮೇಲೆ ಡಾ. ಬಿ.ಆರ್. ಅಂಬೇಡ್ಕರ್ ಹೆಸರಿನ ವಿಧಾನಸೌಧ ನಿಲ್ದಾಣ, ಅದರ ಮುಂದಿನದೇ ಕಬ್ಬನ್ ಪಾರ್ಕ್. ದಾರಿ ಇಷ್ಟು ಹತ್ತಿರ. ಆದರೂ ನಮ್ಮ ಮನೆಯವರು ಯಾರೂ ಆ ರಸ್ತೆಯ ಯಾವ ಚಿತ್ರಶಾಲೆಗೂ ಕಾಲಿಟ್ಟವರಲ್ಲ. ಅಲ್ಲೇ ಪಕ್ಕದ ವೆಂಕಟಪ್ಪ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನದ ಕೈಗೆ ಕೊಡಲು ಸರ್ಕಾರ ಹೊರಟಾಗ 2016ರಲ್ಲಿ ಕಲಾವಿದರು ಪ್ರತಿಭಟಿಸಿದ್ದರು. ಅದು ಸಾರ್ವಜನಿಕರ ಸ್ವತ್ತು ಅಂದರು. ನ್ಯಾಯವಾದ ಮಾತೇ. ಆದರೆ ಆ ಸಾರ್ವಜನಿಕರಲ್ಲಿ ನಾನೂ ಒಬ್ಬ ಅಂತ ನನಗೆ ಅವತ್ತು ಅನ್ನಿಸಿರಲಿಲ್ಲ ಎಂಬುದನ್ನೂ ಹೇಳಬೇಕು.

ಕಟ್ಟಡ ಕಂಡೊಡನೆ ಭಾವ ರಸ್ತೆಯಲ್ಲೇ ನಿಂತುಬಿಟ್ಟರು.

"ಇದು ಮ್ಯೂಸಿಯಮ್ಮಾ? ನೀರಿನ ತೊಂಬೆ ಇದ್ದಂಗೈತಲ್ಲೋ."

"ತೊಂಬೇನೇ ಮನಸ್ಸಲ್ಲಿಟ್ಕೊಂಡು ಕಟ್ಟಿರೋದು ಭಾವ" ಅಂದೆ. ಮ್ಯಾಥ್ಯೂ ಅಂಡ್ ಘೋಷ್ ಎಂಬ ಬೆಂಗಳೂರಿನ ವಾಸ್ತುಶಿಲ್ಪಿಗಳು ಐದು ಅಂತಸ್ತಿನ ಈ ಕಟ್ಟಡಕ್ಕೆ ಉಬ್ಬು ಗೆರೆಯ ಸ್ಟೇನ್‌ಲೆಸ್ ಸ್ಟೀಲ್ ಫಲಕಗಳನ್ನು ಹೊದಿಸಿದ್ದಾರೆ. ನಮ್ಮ ಊರುಗಳಲ್ಲಿ ಕಾಣುವ ಉಕ್ಕಿನ ನೀರಿನ ಟ್ಯಾಂಕುಗಳ ನೆನಪು ಅದರಲ್ಲಿದೆ. ನೀರನ್ನು ಜೋಪಾನ ಮಾಡುವ ಹಾಗೆ ಕಲೆಯನ್ನು ಜೋಪಾನ ಮಾಡುವ ಜಾಗ ಎನ್ನುವ ಅರ್ಥ.

ಭಾವ ಫಲಕಗಳನ್ನೇ ನೋಡುತ್ತಾ ಅಂದರು: "ಈ ಗುಣಾಕಾರದ ಗೆರೆ ಅಂದಕ್ಕಲ್ಲ ಕಣೋ, ಬಿಗಿಗೆ. ಪ್ರೆಸ್ ಹೊಡೀದಿದ್ರೆ ತೊಂಬೆ ಶೀಟು ನೀರಿನ ಭಾರಕ್ಕೆ ಉಬ್ಕೊಂಬಿಡ್ತದೆ."

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಭಾರ ತಡೆಯಲಿ ಎಂದು ಹುಟ್ಟಿದ ಗೆರೆ ಇಲ್ಲಿ ಅಂದವಾಗಿ ಕಾಣುತ್ತದೆ, ಎಲ್ಲರೂ ಮೆಚ್ಚುತ್ತಾರೆ. ದಲಿತ ಬಂಡಾಯದ ಕವಿತೆಗೆ ಆದದ್ದು ಇದಕ್ಕೆ ಉಲ್ಟಾ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಮೇಲೆ ಆ ಬಗೆಯ ಕಾವ್ಯವನ್ನು ಘೋಷಣೆ ಎಂದವರಿದ್ದರು, ಒರಟು ಎಂದವರಿದ್ದರು. ಹೊತ್ತ ಭಾರಕ್ಕೆ ತಕ್ಕ ಹಾಗೆ ಆ ಸಾಲು ಬಿಗಿದುಕೊಂಡಿದೆ ಎನ್ನುವುದನ್ನು ಆ ವಿಮರ್ಶೆ ಕಾಣಲಿಲ್ಲ. ಉಕ್ಕಿನ ಒರಟುತನ ವಾಸ್ತುಶಿಲ್ಪಿಯ ಕೈಗೆ ಬಂದರೆ ಶೈಲಿ. ಕೇರಿಯ ಒರಟುತನ ಕೇರಿಯವನ ಬಾಯಲ್ಲೇ ಬಂದರೆ ಕಚ್ಚಾ! ಈ ಎರಡು ತಕ್ಕಡಿಗಳನ್ನು ನಾವು ಪ್ರಶ್ನಿಸಬೇಕು.

ಇನ್ನು ತೊಂಬೆಯ ಮಾತು. ಈ ಮ್ಯೂಸಿಯಂ ತೆರೆಯುವುದಕ್ಕೆ ಮೂರು ತಿಂಗಳ ಹಿಂದೆ, 2022ರ ನವೆಂಬರ್‌ನಲ್ಲಿ, ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ ಮದುವೆಗೆಂದು ಬಂದಿದ್ದ ದಲಿತ ಹೆಣ್ಣುಮಗಳೊಬ್ಬಳು ಲಿಂಗಾಯತರ ಬೀದಿಯ ತೊಂಬೆ ನೀರು ಕುಡಿದಳೆಂದು ಅದರ ನೀರನ್ನೆಲ್ಲ ಹರಿಯಬಿಟ್ಟು ಗಂಜಲದಿಂದ ತೊಳೆದರು. ಪತ್ರಿಕೆಗಳಲ್ಲೆಲ್ಲ ಬಂತು. ಮುಂದಿನ ತಿಂಗಳೇ ತಮಿಳುನಾಡಿನ ವೇಂಗೈವಯಲ್‌ನಲ್ಲಿ ದಲಿತರು ಕುಡಿಯುವ ನೀರಿನ ಟ್ಯಾಂಕಿನೊಳಗೆ ಮಲ ಸಿಕ್ಕಿತು. ಆದ್ದರಿಂದ ತೊಂಬೆ ನಮಗೆ ಬರೀ ಆಕಾರವಲ್ಲ. ವಾಸ್ತುಶಿಲ್ಪಿಗಳು ಕೆಟ್ಟ ಉದ್ದೇಶದಿಂದ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಕಟ್ಟಡ ನಿಜಕ್ಕೂ ಚೆನ್ನಾಗಿದೆ. ಆದರೆ ಒಂದು ರೂಪಕವನ್ನು ಆರಿಸಿಕೊಂಡಾಗ ಅದರ ಚರಿತ್ರೆಯೂ ಜೊತೆಗೇ ಬರುತ್ತದೆ. ಜೋಪಾನ ಎನ್ನುವ ಮಾತಿನಲ್ಲಿ ಯಾರಿಂದ ಜೋಪಾನ ಎನ್ನುವ ಪ್ರಶ್ನೆ ಅಡಗಿದೆ.

ಬಾಗಿಲಲ್ಲಿ ಭಾವ ಚಪ್ಪಲಿ ಬಿಡಲು ಹೋದರು. "ಹಾಕ್ಕೊಂಡೇ ಹೋಗಿ ಸಾರ್" ಅಂದ ಕಾವಲಿನವನು, ನಗುನಗುತ್ತಾ. ಯಾರೂ ನಮ್ಮನ್ನು ತಡೆಯಲಿಲ್ಲ, ಯಾರೂ ಜಾತಿ ಕೇಳಲಿಲ್ಲ. ಗಾಲಿಕುರ್ಚಿಯವರಿಗೆ, ಕಣ್ಣು ಕಾಣದವರಿಗೆ ಅನುಕೂಲವಾಗಲಿ ಎಂದು ಈ ಮ್ಯೂಸಿಯಂ ಯೋಚನೆ ಮಾಡಿದೆ, ಅದು ದೊಡ್ಡ ಮಾತು. ಆದರೂ ಭಾವ ಒಳಗೆ ಪಿಸುಮಾತಿನಲ್ಲೇ ಮಾತಾಡಿದರು, ಕೈಯನ್ನು ಹಿಂದೆ ಕಟ್ಟಿಕೊಂಡೇ ನಡೆದರು. ಆ ಮೆಟ್ಟಿಲು ಇರುವುದು ಮೈಯೊಳಗೆ. ಅದಕ್ಕೆ ಇಳಿಜಾರು ಹಾಕುವುದು ಹೇಗೆ?

ಅಲ್ಲಿ ಆಗ ಜ್ಯೋತಿ ಭಟ್ ಅವರ ಫೋಟೋಗಳ ಪ್ರದರ್ಶನವಿತ್ತು. ಹಳ್ಳಿಗಳಲ್ಲಿ ಗೋಡೆಗೆ, ನೆಲಕ್ಕೆ ಹೆಂಗಸರು ಬರೆಯುವ ಚಿತ್ರಗಳನ್ನು ದಶಕಗಳ ಕಾಲ ಅಲೆದು ಸೆರೆಹಿಡಿದವರು ಅವರು. ಅವರಿಲ್ಲದಿದ್ದರೆ ಎಷ್ಟೋ ಗೋಡೆಗಳು ಮುಂದಿನ ಮಳೆಗೇ ತೊಳೆದುಹೋಗುತ್ತಿದ್ದವು. ಆದರೆ ಇಂಥ ಚರಿತ್ರೆಯಲ್ಲಿ ಫೋಟೋ ತೆಗೆದವರ ಹೆಸರು ಉಳಿಯುತ್ತದೆ. ಗೋಡೆ ಬರೆದವಳ ಹೆಸರು ಎಷ್ಟು ಸಲ ಉಳಿದಿದೆ?

ನಾನು ಇದನ್ನೆಲ್ಲ ಭಾವನಿಗೆ ವಿವರಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಅವರಿಗೆ ಸಿಟ್ಟು ಬರಲಿ ಎಂದು ಕಾಯುತ್ತಿದ್ದೆ, ನನ್ನ ಲೇಖನಕ್ಕೆ ಒದಗಲಿ ಅಂತ. ಅವರಿಗೆ ಸಿಟ್ಟು ಬರಲಿಲ್ಲ. ಚಿತ್ರಗಳನ್ನು ತಾಳ್ಮೆಯಿಂದ ನೋಡಿದರು. ಕೆಲವು ಹಿಡಿಸಿದವು, ಕೆಲವು ಇಲ್ಲ. ಕೇರಿಯವನ ಕಣ್ಣು ಅಂದರೆ ಯಾವಾಗಲೂ ಕೆಂಡ ಕಾರುವ ಕಣ್ಣು ಎಂದು ತಿಳಿದ ನಾನೂ ಅವರನ್ನು ಒಂದು ಚೌಕಟ್ಟಿಗೆ ಹಾಕಲು ಹೊರಟಿದ್ದೆ. ನಮ್ಮ ವಿಮರ್ಶೆಯಲ್ಲೂ ಈ ರೋಗ ಇದೆ.

ಹೊರಗೆ ಬಂದಮೇಲೆ ಅವರು ಮತ್ತೆ ಮೂಲೆಯ ಜೋಡಣೆಯನ್ನು ದಿಟ್ಟಿಸಿದರು. "ಕೂರ್ಸಿರೋದು ನೀಟಾಗೈತೆ. ಯಾರು ಮಾಡಿದ್ದು?"

ವಾಸ್ತುಶಿಲ್ಪಿಗಳ ಹೆಸರು ಹೇಳಿದೆ.

"ಅವ್ರಲ್ಲ ಕಣೋ. ಶೀಟು ಕೂರ್ಸಿದೋರು."

ನನ್ನ ಹತ್ತಿರ ಉತ್ತರವಿರಲಿಲ್ಲ. ಅಲಂಕಾರಶಾಸ್ತ್ರ ಸಹೃದಯನ ಬಗ್ಗೆ ಎಷ್ಟೊಂದು ಹೇಳಿದೆ. ಶೀಟು ಕೂರಿಸಿದವನ ಕೆಲಸವನ್ನು ಕಂಡ ಕೂಡಲೇ ಗುರುತಿಸುವ ಈ ಕಣ್ಣನ್ನು ಅದು ಸಹೃದಯ ಎಂದು ಕರೆದೀತೆ? ದಲಿತ ವಿಮರ್ಶೆ ಶುರುವಾಗಬೇಕಾದದ್ದು ಈ ಕಣ್ಣಿನಿಂದ. ಚಿತ್ರದೊಳಗೆ ದಲಿತರು ಎಷ್ಟು ಜನ ಇದ್ದಾರೆ ಎಂದು ಎಣಿಸಿದರಷ್ಟೇ ಸಾಲದು.

ಅಂಬೇಡ್ಕರರ ಮಹಾಡ್ ನೆನಪಾಗುತ್ತದೆ. 1923ರಲ್ಲಿ ಮುಂಬೈ ಶಾಸನಸಭೆ ಸಾರ್ವಜನಿಕ ಕೆರೆಬಾವಿಗಳು ಎಲ್ಲರಿಗೂ ಎಂದು ಗೊತ್ತುವಳಿ ಮಾಡಿತು. 1924ರಲ್ಲಿ ಮಹಾಡ್ ಪುರಸಭೆಯೂ ಚವದಾರ್ ಕೆರೆ ಮುಕ್ತ ಎಂದಿತು. ಕಾಗದದ ಮೇಲೆ ಕೆರೆ ತೆರೆದೇ ಇತ್ತು. ಆದರೂ ಸಾವಿರಾರು ಜನ ಒಟ್ಟಾಗಿ ನಡೆದು ಹೋಗಿ ನೀರು ಮುಟ್ಟಿದ್ದು 1927ರ ಮಾರ್ಚ್ 20ಕ್ಕೆ. ಟಿಕೆಟ್ ಕೊಟ್ಟರೆ ಯಾರು ಬೇಕಾದರೂ ಬರಬಹುದು ಎನ್ನುವುದು ಗೊತ್ತುವಳಿ ಅಷ್ಟೆ. ಉಳಿದದ್ದು ನಾವು ನಡೆಯಬೇಕಾದ ದಾರಿ, ಅದೂ ಒಬ್ಬೊಬ್ಬರೇ ಅಲ್ಲ.

ಹೊಸಹಳ್ಳಿಯಲ್ಲಿ ಇಳಿದು ಟೀ ಕುಡಿಯುವಾಗ ಭಾವ ಅಂದರು: "ಇನ್ನೊಂದ್ಸಲ ಹೋಗೋದಾದ್ರೆ ಮೊದ್ಲೇ ಹೇಳು. ಶೆಡ್ಡಿನ ಹುಡುಗ್ರನ್ನೂ ಕರ್ಕಂಬತ್ತೀನಿ."