ಕೀಟದಿಂದ ಕೀಟನಾಶ: ಅಹಿಂಸೆಯೆನ್ನಬಹುದೆ?

ಗಿಡಮರಗಳಿಗೆ ವಿಷ ಸಿಂಪಡಿಸುವ ಬದಲು ಪೀಡೆಯ ಹುಳುವನ್ನು ತಿನ್ನುವ ಮತ್ತೊಂದು ಕೀಟವನ್ನು ತಂದು ಬಿಡುವುದು ಅಹಿಂಸೆಗೆ ಒಪ್ಪುವ ಮಾರ್ಗವೆಂದು ನಮ್ಮ ಶ್ರಾವಕ ಬಂಧುಗಳಲ್ಲಿ ಹಲವರು ಹೇಳುವುದನ್ನು ಕೇಳಿದ್ದೇನೆ. ಕೊಲ್ಲುವುದು ನಾವಲ್ಲ, ಪ್ರಕೃತಿ ಎಂಬುದು ಅವರ ಸಮಾಧಾನ. ಈ ಸಮಾಧಾನವನ್ನು ಅಮೆರಿಕದ ಕಾಡುಗಳಲ್ಲಿ ನಡೆದ ಒಂದು ಪ್ರಸಂಗದ ಒರೆಗೆ ಹಚ್ಚಿ ನೋಡಬೇಕಾಗಿದೆ.

ಪ್ರಸಂಗದ ಮೂಲದಲ್ಲಿರುವುದು ರೇಷ್ಮೆಯ ಆಸೆ. ಫ್ರಾನ್ಸಿನಿಂದ ಬಂದು ಮ್ಯಾಸಚೂಸೆಟ್ಸಿನ ಮೆಡ್‌ಫರ್ಡ್ ಪಟ್ಟಣದಲ್ಲಿ ನೆಲೆಸಿದ್ದ ಎಟಿಯೆನ್ ಟ್ರುವೆಲೊ ಎಂಬವರು ರೇಷ್ಮೆ ಪತಂಗಗಳ ಪ್ರಯೋಗದಲ್ಲಿ ತೊಡಗಿದ್ದರು. 1860ರ ದಶಕದ ಕೊನೆಯಲ್ಲಿ ಅವರು ಯೂರೋಪಿನಿಂದ ತಂದಿದ್ದ ಜಿಪ್ಸಿ ಪತಂಗದ ಕೆಲವು ಹುಳುಗಳು ತಪ್ಪಿಸಿಕೊಂಡವು. ಅದಕ್ಕೆ 2022ರಿಂದ ಸ್ಪಂಜಿ ಪತಂಗವೆಂಬ ಹೊಸ ಹೆಸರಿದೆ. 1889ರ ಹೊತ್ತಿಗೆ ಆ ಊರಿನ ಮರಗಳು ಎಲೆಯಿಲ್ಲದೆ ನಿಂತಿದ್ದವು. ಸರಕಾರವು ಮೊದಲು ಆರ್ಸೆನಿಕ್ ವಿಷವನ್ನು ಸಿಂಪಡಿಸಿತು. 1905ರಿಂದ ಹೊರದೇಶಗಳ ಪರಾವಲಂಬಿ ಕೀಟಗಳನ್ನು ತರಿಸತೊಡಗಿತು.

1906ರಲ್ಲಿ ಹಾಗೆ ಬಂದದ್ದು ಕಾಂಪ್ಸಿಲೂರಾ ಎಂಬ ನೊಣ. ಹೆಣ್ಣು ನೊಣವು ಕಂಬಳಿಹುಳುವಿನ ಮೈಯನ್ನು ಚುಚ್ಚಿ ತನ್ನ ಜೀವಂತ ಮರಿಯನ್ನೇ ಒಳಗಿರಿಸುತ್ತದೆ. ಮರಿಯು ಒಳಗಿನಿಂದ ತಿಂದು ಬೆಳೆದು ಹೊರಬರುವಾಗ ಹುಳು ಸಾಯುತ್ತದೆ. 1980ರಿಂದ ಕರ್ನಾಟಕದ ರೇಷ್ಮೆ ಬೆಳೆಗಾರರನ್ನು ಕಾಡುತ್ತಿರುವ ಊಜಿ ನೊಣವೂ ಇದೇ ಕುಟುಂಬದ್ದು. ಜಿಪ್ಸಿ ಪತಂಗಕ್ಕೆ ವರ್ಷಕ್ಕೆ ಒಂದೇ ಪೀಳಿಗೆ. ಈ ನೊಣಕ್ಕೆ ಮೂರು ನಾಲ್ಕು. ಮಿಕ್ಕ ತಿಂಗಳುಗಳಲ್ಲಿ ಅದು ಯಾವುದನ್ನು ತಿಂದು ಬದುಕಬೇಕು? 180ಕ್ಕೂ ಹೆಚ್ಚು ಜಾತಿಯ ಹುಳುಗಳು ಅದಕ್ಕೆ ಆಹಾರವಾದವು. ಆದರೂ 1986ರವರೆಗೆ ಅದನ್ನು ಮತ್ತೆ ಮತ್ತೆ ಬಿಡುತ್ತಲೇ ಬಂದರು.

2000ದಲ್ಲಿ ಜಾರ್ಜ್ ಬೋಟ್ನರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವನ್ನು ನೋಡಿದರೆ ಮನಸ್ಸು ಕುಗ್ಗುತ್ತದೆ. ಆ ನಾಡಿನ ಸೆಕ್ರೋಪಿಯಾ ಎಂಬ ದೊಡ್ಡ ಕಾಡು ರೇಷ್ಮೆ ಪತಂಗದ 500 ಮರಿಹುಳುಗಳನ್ನು ಅವರು ಮರಗಳ ಮೇಲೆ ಬಿಟ್ಟರು. ಒಂದೂ ಗೂಡು ಕಟ್ಟುವವರೆಗೆ ಉಳಿಯಲಿಲ್ಲ. ಎಳೆಯ ಹಂತದ ಹುಳುಗಳನ್ನು ಬೇರೆಯಾಗಿ ಪರೀಕ್ಷಿಸಿದಾಗ ಸಾವುಗಳಲ್ಲಿ ಶೇಕಡಾ 81ಕ್ಕೆ ಈ ನೊಣವೇ ಕಾರಣವಾಗಿತ್ತು. ಇತ್ತ ಜಿಪ್ಸಿ ಪತಂಗವೇನೂ ಅಡಗಲಿಲ್ಲ. 1981ರ ಒಂದೇ ವರ್ಷದಲ್ಲಿ ಸುಮಾರು 1 ಕೋಟಿ 29 ಲಕ್ಷ ಎಕರೆ ಕಾಡಿನ ಎಲೆ ತಿಂದಿತು. ಬ್ರೌನ್‌ಟೇಲ್ ಎಂಬ ಇನ್ನೊಂದು ಪೀಡೆಯ ಪತಂಗವನ್ನು ಈ ನೊಣ ಬಹುಮಟ್ಟಿಗೆ ತಗ್ಗಿಸಿತೆಂಬುದನ್ನು ಮಾತ್ರ ಒಪ್ಪಬೇಕು. ಲೆಕ್ಕ ಬರೆದು ಬದುಕಿದ ನನಗೆ ತೋರುವುದಿಷ್ಟು: ಎಂಬತ್ತು ವರ್ಷ ಜಮೆಯ ಪುಟವನ್ನೇ ಬರೆದರು, ಖರ್ಚಿನ ಪುಟವನ್ನು ತೆರೆಯಲಿಲ್ಲ.

ನೊಣವನ್ನು ದೂರುವಂತಿಲ್ಲ, ಅದು ಅದರ ಜೀವನ. ಆದರೆ ಅದನ್ನು ಕಡಲಾಚೆಯಿಂದ ಪೆಟ್ಟಿಗೆಯಲ್ಲಿ ತಂದು ಮುಚ್ಚಳ ತೆರೆದ ಕೈ ಮನುಷ್ಯನದು. ಕೃತ, ಕಾರಿತ, ಅನುಮೋದನಗಳೆಂಬ ಮೂರರಲ್ಲಿ ಇದು ಕಾರಿತವಲ್ಲದೆ ಬೇರೇನು? ಒಂದನ್ನು ಕೊಂದರೆ ಹಲವು ಉಳಿಯುತ್ತವೆಂಬ ಎಣಿಕೆಯಿಂದ ಹಿಂಸ್ರ ಪ್ರಾಣಿಯನ್ನೂ ಕೊಲ್ಲಬಾರದೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಎಚ್ಚರಿಸಿದ್ದಾರೆ. ಗೃಹಸ್ಥನಿಗೆ ವಿರೋಧಿ ಹಿಂಸೆಯು ಸಂಪೂರ್ಣವಾಗಿ ತಪ್ಪದು, ಮರ ಸತ್ತರೆ ಅದನ್ನಾಶ್ರಯಿಸಿದ ಜೀವಗಳೂ ಸಾಯುತ್ತವೆ ಎಂಬ ವಾದದಲ್ಲಿ ಸತ್ಯವಿದೆ, ನಾನದನ್ನು ತಳ್ಳಿಹಾಕಲಾರೆ. ಆದರೆ ಸೆಕ್ರೋಪಿಯಾ ಯಾರಿಗೆ ವಿರೋಧಿಯಾಗಿತ್ತು?

ಅದೇ ಮ್ಯಾಸಚೂಸೆಟ್ಸಿನಲ್ಲಿ 2005ರಿಂದ ವಿಂಟರ್ ಪತಂಗದ ವಿರುದ್ಧ ಸೈಜೆನಿಸ್ ಎಂಬ ನೊಣವನ್ನು ಬಿಡಲಾಯಿತು. ಇದು ಬಹುಮಟ್ಟಿಗೆ ಆ ಪತಂಗವೊಂದನ್ನೇ ಅವಲಂಬಿಸಿದ್ದು. ಕೆನಡಾದ ನೋವಾ ಸ್ಕೋಷಿಯಾದಲ್ಲಿ 1950ರ ದಶಕದಲ್ಲಿಯೇ ಅದರ ಪರಿಣಾಮ ಕಂಡಿತ್ತು. ಪೀಡೆ ತಗ್ಗಿತು. ಹಿಂಸೆ ಇಲ್ಲಿಯೂ ಇದೆ, ನೊಣದ ಹೊಟ್ಟೆಗೆ ಹೋದ ಹುಳುವೂ ಜೀವವೇ. ಆದರೆ ಇಲ್ಲಿ ಪ್ರಮಾದವಿಲ್ಲ. ಜಮೀನು, ತೋಪುಗಳನ್ನು ಹೊಂದಿರುವ ನಮ್ಮ ಬಸದಿ ಟ್ರಸ್ಟುಗಳ ಮುಂದೆ ಇಂತಹ ಸಲಹೆ ಬಂದಾಗ, ತರಿಸುವ ಕೀಟವು ಪೀಡೆಯಿಲ್ಲದ ತಿಂಗಳುಗಳಲ್ಲಿ ಯಾವುದನ್ನು ತಿಂದು ಬದುಕುವುದೆಂದು ಮೊದಲು ಕೇಳಿ, ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿಕೊಳ್ಳತಕ್ಕದ್ದು.