ಕಣದ ಮೇಲೆ ಬಿದ್ದ ಹುಡುಗ

ಜೇಮ್ಸ್ ಬಾಲ್ಡ್‌ವಿನ್ ಅವರ ಮೊದಲ ಕಾದಂಬರಿ ‘ಗೋ ಟೆಲ್ ಇಟ್ ಆನ್ ದ ಮೌಂಟನ್’ (1953) ಕುರಿತು ಕನ್ನಡದಲ್ಲಿ ಬರೆಯಹೊರಟರೆ ಮೊದಲು ಅಡ್ಡ ಬರುವುದು ‘ಅನುಭಾವ’ ಎಂಬ ನಮ್ಮದೇ ಪದ. ವಚನಗಳ ನಡುವೆ ಬೆಳೆದ ನಮಗೆ ಅನುಭಾವವೆಂದರೆ ಬಿಡುಗಡೆ. ಹಾರ್ಲೆಮ್‌ನ ಜಾನ್ ಗ್ರೈಮ್ಸ್‌ಗೆ ಒಂದು ರಾತ್ರಿ ಪುಟ್ಟ ಚರ್ಚಿನ ನೆಲದ ಮೇಲೆ ಆದದ್ದನ್ನೂ ಹಾಗೇ ಓದಿಬಿಡುವ ಆಸೆಯಾಗುತ್ತದೆ. ಬಾಲ್ಡ್‌ವಿನ್ ಅಷ್ಟು ಸುಲಭಕ್ಕೆ ಒಪ್ಪುವವರಲ್ಲ.

ಕಥೆಯ ವರ್ತಮಾನ 1935ರ ಮಾರ್ಚ್‌ನ ಒಂದು ಶನಿವಾರ ಮತ್ತು ಮರುದಿನದ ಬೆಳಗು. ಅಂದು ಜಾನ್‌ಗೆ 14 ತುಂಬಿದೆ. ಮನೆಯಲ್ಲಿ ಅದು ಯಾರಿಗೂ ನೆನಪಿಲ್ಲ ಅಂದುಕೊಂಡೇ ಅವನು ಹಳೆಯ ಕಂಬಳಿಹಾಸು ಗುಡಿಸುತ್ತಾನೆ. ಗುಡಿಸಿದಷ್ಟೂ ಧೂಳು ಏಳುತ್ತದೆ. ಆಮೇಲೆ ತಾಯಿ ಕೊಟ್ಟ ಪುಡಿಗಾಸು ಹಿಡಿದು ಸೆಂಟ್ರಲ್ ಪಾರ್ಕಿನ ದಿಬ್ಬ ಹತ್ತಿ ನಗರವನ್ನು ನೋಡುತ್ತಾನೆ. 42ನೇ ಬೀದಿಯ ದೊಡ್ಡ ಗ್ರಂಥಾಲಯದ ಒಳಗೆ ಹೋಗಲು ಅವನಿಗೆ ಧೈರ್ಯ ಸಾಲದು. ಬಡತನದ ಬಗ್ಗೆ ಬರೆದ ಎಷ್ಟೋ ಪುಟಗಳಿಗಿಂತ ಈ ಹಿಂಜರಿಕೆಯೇ ನನ್ನನ್ನು ಹೆಚ್ಚು ಕಾಡಿತು.

ಕೊನೆಯ ಭಾಗದ ಹೆಸರು ‘ದ ಥ್ರೆಶಿಂಗ್ ಫ್ಲೋರ್’, ಅಂದರೆ ಒಕ್ಕಣೆಯ ಕಣ. ಕಾಳು ಬೇರೆ, ಹೊಟ್ಟು ಬೇರೆಯಾಗುವ ಜಾಗ. ಆದರೆ ಜಾನ್‌ನ ಕಣದಲ್ಲಿ ಅವು ಬೇರೆಯಾಗುವುದೇ ಇಲ್ಲ. ಕತ್ತಲು, ಸಮಾಧಿ, ನೊಂದವರ ಮೊರೆ, ಕ್ಷಣಮಾತ್ರದ ದೇವರು ಎಲ್ಲವೂ ಬರುತ್ತವೆ. ಅವುಗಳ ಜೊತೆಗೇ ತಂದೆ ಗೇಬ್ರಿಯಲ್ ಮೇಲಿನ ದ್ವೇಷ. ಎದ್ದು ಹೊರಗೆ ನಡೆ ಎಂದು ಒಳಗೊಂದು ಕುಹಕದ ದನಿ ಚುಚ್ಚುತ್ತದೆ. ಆ ದನಿಗೂ ಲೇಖಕರು ನ್ಯಾಯ ಸಲ್ಲಿಸಿದ್ದಾರೆ. ಕಾದಂಬರಿಯ ಬಲ ಇರುವುದೇ ಇಲ್ಲಿ.

ನಡುವಿನ ಭಾಗದಲ್ಲಿ ಗೇಬ್ರಿಯಲ್‌ನ ಪೂರ್ವಕಥೆ ತುಸು ಎಳೆದಂತಾಗಿದೆ. ಆದರೂ ಅದಿಲ್ಲದಿದ್ದರೆ ಅವನು ಬೆಲ್ಟ್ ಬೀಸುವ ಬರಿಯ ಖಳನಾಗುತ್ತಿದ್ದ. ನನಗೆ ಹೆಚ್ಚು ಹಿಡಿಸಿದ್ದು ತಾಯಿ ಎಲಿಜಬೆತ್‌ಳ ಪ್ರಾರ್ಥನೆ. ಮಾಡದ ಕಳ್ಳತನಕ್ಕೆ ಪೊಲೀಸರ ಕೈಗೆ ಸಿಕ್ಕು, ಬಿಡುಗಡೆಯಾಗಿ ಬಂದ ಮೇಲೆ ಪ್ರಾಣ ಕಳೆದುಕೊಂಡ ರಿಚರ್ಡ್‌ನ ನೆನಪು ಅದರಲ್ಲಿದೆ. ಜಾನ್‌ನ ನಿಜವಾದ ತಂದೆ ಅವನೇ. ಓದುಗರಿಗೆ ಇದು ಗೊತ್ತು, ಜಾನ್‌ಗೆ ಗೊತ್ತಿಲ್ಲ.

ಬಾಲ್ಡ್‌ವಿನ್ ಕೂಡ 14ರಲ್ಲೇ ಹಾರ್ಲೆಮ್‌ನಲ್ಲಿ ಬೋಧಕರಾಗಿದ್ದವರು. ಕಾದಂಬರಿಯನ್ನು ಮುಗಿಸಿದ್ದು ದೂರದ ಸ್ವಿಸ್ ಹಳ್ಳಿಯೊಂದರಲ್ಲಿ, ಬೆಸ್ಸಿ ಸ್ಮಿತ್ ಹಾಡಿನ ರೆಕಾರ್ಡುಗಳನ್ನು ಕೇಳುತ್ತಾ. ಮನೆಮಾತು ಕಿವಿಗೆ ಮರಳಲು ಮನೆಯಿಂದ ಅಷ್ಟು ದೂರ ಹೋಗಬೇಕಾಯಿತು ಎಂಬುದು ಹೊರದೇಶದಲ್ಲಿ ಕೂತು ಕನ್ನಡ ಬರೆಯುವ ನಮಗೆ ವಿವರಿಸಬೇಕಾದ ಸಂಗತಿಯೇನಲ್ಲ.

ಅಮೆರಿಕದಲ್ಲೇ ಹುಟ್ಟಿದ ನನ್ನ ಮಗಳೂ ಇದನ್ನು ಓದಿದಳು. ಭಾನುವಾರದ ಭಜನೆಗೆ ನಮ್ಮ ಬಲವಂತಕ್ಕೆ ಬರುವವಳು. “ಅಪ್ಪ, ಅವನಿಗೆ ದೇವರು ಕಂಡಿದ್ದಾ, ಇಲ್ಲಾ ಅಪ್ಪನ ಹತ್ತಿರ ಒಳ್ಳೆಯವನು ಅನ್ನಿಸಿಕೊಳ್ಳಬೇಕಿತ್ತಾ?” ಅಂದಳು. ಎರಡೂ ಅಂದೆ. ಅವಳು ಒಪ್ಪಲಿಲ್ಲ, ಕೊನೆಯ ಪುಟಗಳನ್ನು ತೆಗೆದು ತೋರಿಸಿದಳು. ಬೆಳಗಾಗಿದೆ, ಬೀದಿ ನಿನ್ನೆಯದೇ, ಆಂಬುಲೆನ್ಸ್ ಒಂದು ಹಾದುಹೋಗುತ್ತದೆ. ಮನೆಬಾಗಿಲಲ್ಲಿ ಜಾನ್ ನಗುತ್ತಾನೆ. ಗೇಬ್ರಿಯಲ್ ನಗುವುದಿಲ್ಲ.