ಬಸ್ಸಿಳಿದು ನಡೆಯುವ ಸೀಮೆ: ಗುಡವಿ, ಚಂದ್ರಗುತ್ತಿ, ಬನವಾಸಿ

ಬಸ್ಸಿನಲ್ಲಿ ಹೋಗಿ, ಇಳಿದ ಊರಿನಿಂದ ನಡೆದು ನೋಡಿ, ಮತ್ತೆ ಬಸ್ಸಿನಲ್ಲೇ ಮರಳುವ ತಿರುಗಾಟ ಮಲೆನಾಡಿಗೆ ಹೊಸದಲ್ಲ. ಜಾತ್ರೆಗೆ, ಹರಕೆಗೆ, ನೆಂಟರ ಮನೆಗೆ ಜನ ಹೋಗಿಬಂದದ್ದೇ ಹೀಗೆ. ಹಕ್ಕಿ, ಕಾಡು, ಕೋಟೆ ನೋಡಲೆಂದೇ ಹೀಗೆ ಹೊರಡುವುದು ಮಾತ್ರ ಈಚಿನ ರೂಢಿ. ಅದರ ಗುಣದೋಷಗಳನ್ನು ತೂಗಿ ನೋಡಲು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕು ಮತ್ತು ಅದಕ್ಕೆ ತಾಗಿದ ಬನವಾಸಿ ಸೀಮೆ ತಕ್ಕ ನೆಲ. ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟುವ ವರದಾ ನದಿ ಈ ಸೀಮೆಯನ್ನು ಹಾದು, ಬನವಾಸಿಯನ್ನು ಬಳಸಿ, ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಸೊರಬ ಪಟ್ಟಣದ ದಂಡಾವತಿ ಹೊಳೆಯೂ ವರದೆಯ ಉಪನದಿಯೇ. ಇಲ್ಲಿ ಕುದುರೆಮುಖದಂಥ ಎತ್ತರದ ಹುಲ್ಲುಬೆಟ್ಟಗಳಿಲ್ಲ. ಗದ್ದೆ, ತೋಟ, ಕೆರೆ, ಕಾನು, ನಡುವೆ ಅಲ್ಲೊಂದು ಇಲ್ಲೊಂದು ಗುಡ್ಡ. ಶಿಖರ ಮುಟ್ಟಿ ಬರುವುದನ್ನಷ್ಟೇ ಚಾರಣವೆಂದು ಬಗೆದವರಿಗೆ ಈ ನೆಲ ಸಪ್ಪೆ ಕಂಡೀತು. ನಿಧಾನವಾಗಿ ನಡೆಯುವವರಿಗೆ ಇಲ್ಲಿ ಸಿಗುವುದು ದೊಡ್ಡದು.

ಗ್ರಾಮಾಂತರ ಬಸ್ಸಿನ ವೇಳಾಪಟ್ಟಿ ಪ್ರವಾಸಿಗರಿಗಾಗಿ ಹುಟ್ಟಿದ್ದಲ್ಲ. ಸಂಜೆ ಪೇಟೆಯಿಂದ ಹೊರಟ ಹಾಲ್ಟಿಂಗ್ ಬಸ್ಸು ರಾತ್ರಿ ಹಳ್ಳಿಯಲ್ಲೇ ನಿಲ್ಲುತ್ತದೆ. ಬೆಳಗಾದರೆ ಶಾಲೆ ಕಾಲೇಜಿನ ಮಕ್ಕಳನ್ನು, ಆಸ್ಪತ್ರೆ, ಕಚೇರಿ, ಸಂತೆಗೆ ಹೋಗುವವರನ್ನು ಹತ್ತಿಸಿಕೊಂಡು ಪೇಟೆಗೆ ಹೊರಡುತ್ತದೆ. ಹಳ್ಳಿಯವರಿಗೆ ಬೆಳಗ್ಗೆ ಪೇಟೆ ಸೇರಬೇಕು, ಸಂಜೆ ಮನೆ ಸೇರಬೇಕು. ಹಕ್ಕಿ ನೋಡುವವರ ಅಗತ್ಯ ಇದಕ್ಕೆ ತಿರುಗುಮುರುಗು: ನಸುಕಿಗೇ ಹಳ್ಳಿಯಲ್ಲಿರಬೇಕು, ಹೊತ್ತು ಮುಳುಗಿದ ಮೇಲೆ ಪೇಟೆಗೆ ಮರಳಬೇಕು. ಬಸ್ಸಿನಲ್ಲಿ ಹೋದರೆ ಏನೂ ಕಾಣುವುದಿಲ್ಲ ಎಂಬ ದೂರಿನ ಬೇರು ಇಲ್ಲಿದೆ. ಬಸ್ಸು ಕಡಿಮೆ ಎಂಬುದು ಎರಡನೆಯ ಮಾತು; ಇರುವ ಬಸ್ಸು ಎದುರು ದಿಕ್ಕಿಗೆ ಓಡುತ್ತದೆ ಎಂಬುದೇ ಮೊದಲನೆಯದು. ಪೇಟೆಯಲ್ಲಿ ರೂಮು ಹಿಡಿದು ಹಳ್ಳಿಗೆ ಹೋಗಿಬರುವ ಕಾರಿನ ಕ್ರಮವನ್ನೇ ಬಸ್ಸಿಗೂ ಹೊಂದಿಸಲು ಹೊರಟರೆ ಸೋಲು ಖಚಿತ. ಸಂಜೆಯ ಬಸ್ಸಿನಲ್ಲಿ ಹಳ್ಳಿಯವರೊಂದಿಗೇ ಹೋಗಿ, ಅಲ್ಲೇ ಎಲ್ಲಾದರೂ ತಂಗಿ, ಬೆಳಗಿನ ತಿರುಗಾಟ ಮುಗಿಸಿ ಹೊರಟರೆ ಅದೇ ವೇಳಾಪಟ್ಟಿ ಅನುಕೂಲವಾಗಿ ತಿರುಗುತ್ತದೆ.

ಗುಡವಿ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಒಂದು ಅಪವಾದವೂ ಇದೆ. ಸೊರಬದಿಂದ ಸುಮಾರು 16 ಕಿ.ಮೀ. ದೂರದಲ್ಲಿ, ಬನವಾಸಿಯ ಕಡೆ ಹೋಗುವ ಹಾದಿಯಲ್ಲಿರುವ ಈ ಕೆರೆ 1989ರಲ್ಲಿ ಪಕ್ಷಿಧಾಮವಾಯಿತು. ವಿಸ್ತಾರ ಮುಕ್ಕಾಲು ಚದರ ಕಿಲೋಮೀಟರಿಗೂ ತುಸು ಕಡಿಮೆ. ಇಷ್ಟು ಸಣ್ಣ ಜಾಗದಲ್ಲಿ ಸಮೀಕ್ಷೆಯೊಂದು 217 ಜಾತಿಯ ಹಕ್ಕಿಗಳನ್ನು ಗುರುತಿಸಿತು. ಅವುಗಳಲ್ಲಿ 63 ನೀರನ್ನು ನೆಚ್ಚಿದವು. ಮಳೆ ಹಿಡಿದು ಕೆರೆ ತುಂಬಿದಾಗ ನೀರಿನೊಳಗೇ ನಿಂತ ಮರಗಳ ಮೇಲೆ ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಸುತ್ತ ನೀರಿದ್ದರೆ ನೆಲದ ಬೇಟೆಪ್ರಾಣಿಗಳು ಗೂಡನ್ನು ಮುಟ್ಟಲಾರವು. ಈ ಮರಗಳನ್ನು ಹಕ್ಕಿ ಆರಿಸಿಕೊಳ್ಳುವುದು ಅದಕ್ಕಾಗಿ. ಜೂನ್‌ನಿಂದ ನವೆಂಬರ್‌ವರೆಗೆ ಗೂಡಿನ ಕಾಲ. ಮರಿಗಳಾದ ಮೇಲೆ ತಾಯಿ ತಂದೆ ಹಗಲಿಡೀ ಗದ್ದೆಗೂ ಗೂಡಿಗೂ ಓಡಾಡುತ್ತಿರುತ್ತವೆ. ಹೀಗಾಗಿ ಮಳೆಗಾಲದಲ್ಲಿ ಗುಡವಿಗೆ ನಡುಹಗಲಿನ ಬಸ್ಸೂ ಸಾಕು. ಹತ್ತು ಗಂಟೆಗೆ ಇಳಿದು ಮೂರಕ್ಕೆ ಹತ್ತುವವರಿಗೂ ವೀಕ್ಷಣಾ ಗೋಪುರದಿಂದ ತುಂಬಿದ ಮರಗಳು ಕಾಣುತ್ತವೆ. ಚಳಿಗಾಲದ ಮಾತು ಬೇರೆ. ಬಾತು ಮೊದಲಾದ ಅತಿಥಿಗಳು ಬಿಸಿಲೇರಿದ ಮೇಲೆ ದೂರದ ನೀರಿನಲ್ಲಿ ತೂಕಡಿಸುತ್ತಿರುತ್ತವೆ. ಆಗ ನಸುಕಿಗೆ ಅಲ್ಲಿರದವರು ಅರ್ಧಮರ್ಧ ನೋಡಿ ಬರುತ್ತಾರೆ.

ಈ ಕೆರೆಗೆ ನಡೆದು ಬರುವುದೇ ಹಿತ ಎನ್ನಲು ಬೇರೆ ಕಾರಣವೂ ಇದೆ. ದಂಡೆಯ ಬಳಿ ಗದ್ದಲವಾದರೆ ಕಾವು ಕೂತ ಹಕ್ಕಿ ಎದ್ದು ಹಾರುತ್ತದೆ. ತೆರೆದು ಬಿದ್ದ ಮೊಟ್ಟೆ, ಪುಟ್ಟ ಮರಿಗಳು ಕಾಗೆ, ಹದ್ದುಗಳ ಪಾಲಾಗುತ್ತವೆ. ಒಂದೇ ಹೊತ್ತಿಗೆ ಹತ್ತಾರು ವಾಹನ ಬಂದು, ಬಾಗಿಲು ಬಡಿದು, ಹಾರ್ನ್ ಹಾಕಿ ಹೋಗುವುದಕ್ಕೂ, ನಾಲ್ಕೈದು ಮಂದಿ ಊರಿನ ಹಾದಿಯಲ್ಲಿ ನಡೆದು ಬರುವುದಕ್ಕೂ ಇರುವ ಅಂತರ ಗೂಡಿನ ಮಟ್ಟದಲ್ಲಿ ಜೀವದ ಪ್ರಶ್ನೆ. ಒಂದೇ ದಿನದಲ್ಲಿ ಗುಡವಿ, ಚಂದ್ರಗುತ್ತಿ, ಬನವಾಸಿ ಮೂರನ್ನೂ ಮುಗಿಸುವ ಬಾಡಿಗೆ ವಾಹನದ ಪ್ರವಾಸ ಈ ಕೆರೆಗೆ ಅರ್ಧ ಗಂಟೆ ಕೊಡುತ್ತದೆ. ಹಕ್ಕಿಗಳ ಕೆರೆಯೊಂದನ್ನು ನೋಡಲು ಅದಕ್ಕಿಂತ ಕೆಟ್ಟ ಕ್ರಮ ಇರಲಾರದು.

ಚಂದ್ರಗುತ್ತಿಯಲ್ಲಿ ಬಸ್ಸು ಮತ್ತು ಕಾಲುದಾರಿ ಎರಡೂ ಒಂದಕ್ಕೊಂದು ಸರಿಯಾಗಿ ಕೂಡಿಕೊಂಡಿವೆ. ಸುಮಾರು 848 ಮೀಟರ್ ಎತ್ತರದ ಈ ಗುಡ್ಡದ ಮೇಲೆ ಕೋಟೆಯ ಅವಶೇಷಗಳಿವೆ. ಕೆಳಗೆ ಗುಹೆಯಲ್ಲಿ ರೇಣುಕಾಂಬೆಯ ಗುಡಿ. ಹತ್ತುವ ದಾರಿ ಊರಿನಿಂದಲೇ ಮೊದಲಾಗುತ್ತದೆ. ಬಸ್ಸಿಳಿದವರು ಆಟೋ ಹುಡುಕಬೇಕಿಲ್ಲ. ದೇವಿಯ ಭಕ್ತರು ತಲೆಮಾರುಗಳಿಂದ ಸವೆಸಿದ ಹಾದಿಯಾದ್ದರಿಂದ ಬಸ್ಸಿನ ಮಾರ್ಗವೂ ಅದನ್ನೇ ಹಿಡಿದು ಬೆಳೆದಿದೆ. ಈ ಸೀಮೆಯಲ್ಲಿ ಬಸ್ಸಿನ ಚಾರಣ ನಿಜಕ್ಕೂ ಗೆದ್ದಿರುವುದು ಇಲ್ಲಿ. ಹಕ್ಕಿಯ ಕೆರೆಗೆ ಇಲ್ಲದ ಈ ಅನುಕೂಲ ಗುಡಿಯ ಬೆಟ್ಟಕ್ಕೆ ದೊರೆತದ್ದು ಯಾವುದೇ ಯೋಜನೆಯಿಂದಲ್ಲ, ಜನರ ನಡಿಗೆಯಿಂದ.

ಆಲ್ಪ್ಸ್ ಪರ್ವತದ ಕಣಿವೆಗಳನ್ನು ಇಲ್ಲಿ ನೆನೆಯುವುದು ಸಲ್ಲುತ್ತದೆ. ಸ್ವಿಟ್ಜರ್ಲೆಂಡಿನ ಹಳದಿ ಪೋಸ್ಟ್ ಬಸ್ಸುಗಳೂ ಚಾರಣಿಗರಿಗಾಗಿ ಹುಟ್ಟಿದವಲ್ಲ; 1906ರಲ್ಲಿ ಮೊದಲ ಮೋಟಾರು ಬಸ್ಸು ಓಡಿದ್ದು ಅಂಚೆ ಮತ್ತು ಊರಿನ ಜನರಿಗಾಗಿ. ಆ ದೇಶ ಹೆಚ್ಚಿಗೆ ಮಾಡಿದ್ದು ಇಷ್ಟು: ಕಾಲುದಾರಿಯನ್ನೂ ರಸ್ತೆಯಷ್ಟೇ ಸಾರ್ವಜನಿಕ ಸೊತ್ತೆಂದು ಎಣಿಸಿತು. 1979ರಲ್ಲಿ ಮತದಾರರು ಕಾಲುದಾರಿಗಳ ರಕ್ಷಣೆಯನ್ನು ಸಂವಿಧಾನಕ್ಕೆ ಸೇರಿಸಲು ಒಪ್ಪಿದರು. ಈಗ ಅಲ್ಲಿ ಗುರುತು ಹಾಕಿದ ನಡೆದಾರಿಗಳ ಉದ್ದ ಸುಮಾರು 65,000 ಕಿ.ಮೀ. ಬಸ್ಸು ನಿಲ್ಲುವಲ್ಲೇ ಹಳದಿ ಫಲಕವಿದ್ದು, ಮುಂದಿನ ಜಾಗಕ್ಕೆ ನಡೆಯಲು ಎಷ್ಟು ಹೊತ್ತು ಬೇಕೆಂದು ತಿಳಿಸುತ್ತದೆ. ಕೊನೆಯ ಬಸ್ಸಿನ ಲೆಕ್ಕ ಹಾಕುವವರಿಗೆ ಕಿಲೋಮೀಟರಿಗಿಂತ ಈ ಗಂಟೆಯ ಲೆಕ್ಕ ಹೆಚ್ಚು ಉಪಯೋಗಿ. ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಅಂಥದೊಂದು ಫಲಕ ನಿಲ್ಲಿಸಲು ದೊಡ್ಡ ಹಣವೇನೂ ಬೇಡ. ಅರಣ್ಯ ಇಲಾಖೆ, ಸಾರಿಗೆ ಸಂಸ್ಥೆ, ಗ್ರಾಮ ಪಂಚಾಯಿತಿ ಒಂದು ಮೇಜಿನ ಸುತ್ತ ಕೂತರೆ ಸಾಕು.

ಹಾಗೆ ಕೂರುವಾಗ ಜಿಲ್ಲೆಯ ಗಡಿ ಅಡ್ಡ ಬರುತ್ತದೆ. ಸೊರಬ ಇರುವುದು ಕೆಎಸ್‌ಆರ್‌ಟಿಸಿ ವ್ಯಾಪ್ತಿಯಲ್ಲಿ. ಉತ್ತರ ಕನ್ನಡ ಜಿಲ್ಲೆ ಶಿರಸಿ ತಾಲ್ಲೂಕಿನ ಬನವಾಸಿ ವಾಯವ್ಯ ಸಾರಿಗೆಯ ವ್ಯಾಪ್ತಿಯಲ್ಲಿ. ನಡುವೆ ಖಾಸಗಿ ಬಸ್ಸುಗಳೂ ಇವೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳ ಪ್ರಯಾಣವನ್ನು ಉಚಿತವಾಗಿಸಿತು. ಖಾಸಗಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ಕೈಯಲ್ಲಿ ಕಾಸಿಲ್ಲದೆ ತಿರುಗಾಟದ ಆಸೆಯನ್ನು ನುಂಗಿಕೊಂಡಿದ್ದ ಎಷ್ಟೋ ಹೆಂಗಸರು ಗುಂಪು ಕಟ್ಟಿಕೊಂಡು ಊರೂರು ನೋಡಲು ಹೊರಟದ್ದು ಈ ಯೋಜನೆಯ ಬಲದಿಂದ. ಬಸ್ಸಿನ ಚಾರಣವನ್ನು ಯುವಕರ ಹವ್ಯಾಸವೆಂದು ಕಾಣುವ ರೂಢಿ ಇನ್ನಾದರೂ ಹೋಗಬೇಕು.

ತಂಗಲು ಮತ್ತು ನಡೆಯಲು ಎರಡಕ್ಕೂ ಬನವಾಸಿ ಚೆನ್ನು. ಕದಂಬರ ರಾಜಧಾನಿಯಾಗಿದ್ದ ಊರು, ಮಧುಕೇಶ್ವರ ಗುಡಿ, ಮೂರು ಕಡೆ ಬಳಸಿದ ವರದೆ: ಬಸ್ಸಿಳಿದ ಮೇಲೆ ಎಲ್ಲವೂ ಕಾಲಳತೆಯಲ್ಲಿ. ಬಸ್ಸಿನವರಿಗೆ ಇಲ್ಲಿ ಕಾರಿನವರಿಗಿಲ್ಲದ ಒಂದು ಸ್ವಾತಂತ್ರ್ಯವೂ ಉಂಟು. ಗಾಡಿ ನಿಲ್ಲಿಸಿದ ಜಾಗಕ್ಕೇ ಅವರು ಮರಳಬೇಕಿಲ್ಲ. ಒಂದು ರಸ್ತೆಯಲ್ಲಿ ಇಳಿದು, ಹಳ್ಳಿಯಿಂದ ಹಳ್ಳಿಗೆ ನಡೆದು, ಇನ್ನೊಂದು ರಸ್ತೆಯಲ್ಲಿ ಬಸ್ಸು ಹಿಡಿಯಬಹುದು.

ಹಾಗೆ ನಡೆಯುವ ದಾರಿಯಲ್ಲಿ ಕಾನುಗಳು ಎದುರಾಗುತ್ತವೆ. ಊರವರು ದೇವರ ಹೆಸರಿನಲ್ಲಿ, ಮೆಣಸು ಮತ್ತು ನೀರಿನ ಆಸರೆಗಾಗಿ ಕಾಯ್ದುಕೊಂಡು ಬಂದ ನಿತ್ಯಹರಿದ್ವರ್ಣ ಕಾಡುಗಳಿವು. 1868ರ ಬ್ರಾಂಡಿಸ್ ಮತ್ತು ಗ್ರಾಂಟ್ ವರದಿ ಸೊರಬ ತಾಲ್ಲೂಕಿನಲ್ಲಿ 171 ಕಾನುಗಳನ್ನು ಎಣಿಸಿತ್ತು. ಆಮೇಲೆ ಬಹುಪಾಲು ಕರಗಿದೆ. ಉಳಿದವುಗಳಿಗೆ ದಾರಿಹೋಕರು ಅನುಮತಿಯಿಲ್ಲದೆ ನುಗ್ಗುವಂತಿಲ್ಲ, ನುಗ್ಗಬಾರದು ಕೂಡ. ಋತುವಿನ ಎಚ್ಚರವೂ ಬೇಕು. ಮಳೆಗಾಲದ ಉಂಬಳ ಉಪದ್ರವವಷ್ಟೇ, ಅಪಾಯವಲ್ಲ. ಅಪಾಯವಿರುವುದು ಬೇಸಿಗೆಯ ಉಣುಗಿನಲ್ಲಿ: 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಅದರ ಹಾವಳಿ ಹೆಚ್ಚು. ಆ ತಿಂಗಳುಗಳಲ್ಲಿ ಮಂಗಗಳು ಸತ್ತ ಸುದ್ದಿಯಿರುವ ಕಾಡಿನತ್ತ ಸುಳಿಯದೆ ರಸ್ತೆಯಂಚು, ಕೆರೆ, ಕೋಟೆಗಳಿಗಷ್ಟೇ ನಡಿಗೆಯನ್ನು ಮಿತಗೊಳಿಸುವುದು ಸರಿ. ಕಾನಿನ ಅಂಚಿನ ದೀರ್ಘ ನಡಿಗೆಗೆ ಮಳೆ ಹಿಂಜರಿದ ಅಕ್ಟೋಬರ್, ನವೆಂಬರ್ ತಿಂಗಳುಗಳು ಒಪ್ಪುತ್ತವೆ. ಆಗ ಗುಡವಿಯಲ್ಲಿ ತಡವಾಗಿ ಮೊಟ್ಟೆಯಿಟ್ಟ ಹಕ್ಕಿಗಳ ಮರಿಗಳೂ ಇನ್ನೂ ಗೂಡಿನಲ್ಲಿರುತ್ತವೆ.